ದಾನಿಯ ಪಾಸ್‌ಪೋರ್ಟ್ ವಿಚಾರಿಸಿದ ಖಜಾಂಚಿ

ನಮ್ಮ ಗ್ರಂಥಾಲಯ ಸಂಘದ ಕಟ್ಟಡ ನಿಧಿಗೆ ಅಮೆರಿಕದಲ್ಲಿ ನೆಲೆಸಿರುವ ಊರಿನ ಹಿರಿಯರೊಬ್ಬರು ಐದು ಲಕ್ಷ ರೂಪಾಯಿ ಕೊಡಲು ಮುಂದೆ ಬಂದಾಗ, ಸಮಿತಿಯಲ್ಲಿ ಠರಾವು ಆಗುವ ಮೊದಲೇ ಅಧ್ಯಕ್ಷರು ಒಪ್ಪಿಕೊಂಡು ಶಿಲಾಫಲಕದ ಮಾತನ್ನೂ ಆಡಿ ಮುಗಿಸಿದ್ದರು. ಕಾರ್ಯದರ್ಶಿಯಾದ ನನಗೆ ಉಳಿದಿದ್ದ ಕೆಲಸವೆಂದರೆ ಖಾತೆಯ ವಿವರವಿರುವ ಪತ್ರಕ್ಕೆ ರುಜು ಹಾಕುವುದು. ಸಭೆಯ ದಿನ ದಾನಿಗಳೂ ವೀಡಿಯೊ ಕರೆಯಲ್ಲಿದ್ದರು. ನಿವೃತ್ತ ಬ್ಯಾಂಕ್ ಅಧಿಕಾರಿಯಾದ ನಮ್ಮ ಖಜಾಂಚಿ ಅವರನ್ನೇ ನೇರವಾಗಿ ಕೇಳಿದರು: "ಸರ್, ತಮ್ಮದು ಈಗ ಯಾವ ದೇಶದ ಪಾಸ್‌ಪೋರ್ಟ್?"

ಅಧ್ಯಕ್ಷರ ಮುಖ ಕೆಂಪಾಯಿತು. ದಾನಿಗಳು ಮಾತ್ರ ನಗುತ್ತಲೇ, ತಾವು ಅಮೆರಿಕದ ಪೌರತ್ವ ಪಡೆದಿರುವುದಾಗಿಯೂ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇರುವುದಾಗಿಯೂ, ಅನಿವಾಸಿಗಳು ಇಲ್ಲಿ ಇಟ್ಟುಕೊಳ್ಳುವ ಎನ್‌ಆರ್‌ಓ ಖಾತೆ ಬೆಂಗಳೂರಿನಲ್ಲಿದ್ದು ಅದರಿಂದ ರೂಪಾಯಿಯಲ್ಲೇ ಕಳುಹಿಸುವುದಾಗಿಯೂ ಹೇಳಿದರು. ರೂಪಾಯಿ ಎಂದ ಮೇಲೆ ತೊಡಕೇನಿದೆ ಎಂದು ನಾನು ಎಲ್ಲರೆದುರೇ ತೀರ್ಪು ಕೊಟ್ಟುಬಿಟ್ಟೆ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆ ನೋಡುವುದು ಕೊಡುವವರ ಪೌರತ್ವವನ್ನೇ ಹೊರತು ನಾಣ್ಯವನ್ನಲ್ಲ ಎಂದರು ಖಜಾಂಚಿ. ಭಾರತದ ಪೌರತ್ವ ಉಳಿಸಿಕೊಂಡವರು ಅಲ್ಲಿನ ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪೌರತ್ವ ಬದಲಿಸಿದವರು ರೂಪಾಯಿಯಲ್ಲಿ ಕೊಟ್ಟರೂ ವಿದೇಶಿ ದೇಣಿಗೆಯೇ.

ಆಗ ಉಪಾಧ್ಯಕ್ಷರು, ದಾನಿಗಳಿಗೆ ಊರಿನಲ್ಲಿ ತಮ್ಮನಿದ್ದಾನಲ್ಲ, ಅವನ ಖಾತೆಗೆ ಹಾಕಿಸಿ ಅವನ ಹೆಸರಿನಲ್ಲೇ ರಸೀದಿ ಹರಿಯೋಣವೆಂದರು. ಹೀಗೆ ಕೈ ಬದಲಿಸಿ ಬಂದ ಹಣವೂ ವಿದೇಶಿ ದೇಣಿಗೆಯೇ ಎನ್ನುವ ವಿವರಣೆ ಕಾಯ್ದೆಯಲ್ಲೇ ಇದೆ. ಖಜಾಂಚಿ ಅದನ್ನು ಓದಿ ಹೇಳುವಷ್ಟು ಹೊತ್ತೂ ಯಾರೂ ಉಸಿರೆತ್ತಲಿಲ್ಲ. ಉಲ್ಲಂಘನೆಗೆ ಐದು ವರ್ಷಗಳವರೆಗೆ ಸೆರೆವಾಸವಿದೆ. ಸಂಘದ ವ್ಯವಹಾರದ ಹೊಣೆ ಹೊತ್ತವರು ತಮಗೆ ತಿಳಿಯದೆ ನಡೆಯಿತೆಂದರೆ ಅದನ್ನು ಸಾಬೀತುಪಡಿಸಬೇಕಾದವರೂ ಅವರೇ. ಗೌರವ ಕಾರ್ಯದರ್ಶಿ, ಸಂಬಳವಿಲ್ಲ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಗೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ವರ್ಷಗಳಲ್ಲಿ 15 ಲಕ್ಷ ರೂಪಾಯಿಯನ್ನು ಉದ್ದೇಶಕ್ಕೆ ಖರ್ಚು ಮಾಡಿರಬೇಕು. ನಮ್ಮ ಖರ್ಚು ಅದರ ಹತ್ತಿರವೂ ಸುಳಿಯುವುದಿಲ್ಲ. ಉಳಿದ ದಾರಿಯೆಂದರೆ ಈ ದಾನಿ, ಈ ಮೊತ್ತ, ಈ ಕಟ್ಟಡ ಎಂದು ನಿರ್ದಿಷ್ಟವಾಗಿ ಬರೆದು ಕೇಂದ್ರ ಸರ್ಕಾರದ ಪೂರ್ವಾನುಮತಿ ಕೋರುವುದು. ಅದಕ್ಕೆ ದಾನಿಗಳ ಬದ್ಧತಾ ಪತ್ರ ಬೇಕು. ಹಣ ಇಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ತಾಲ್ಲೂಕಿನ ಗ್ರಂಥಾಲಯವೊಂದಕ್ಕೆ ಇಷ್ಟೆಲ್ಲ ಬೇಕೇ ಎಂಬ ಗೊಣಗಾಟ ನನ್ನದೂ ಹೌದು. ಸರ್ವಸದಸ್ಯರ ಸಭೆಯಾದ 14 ದಿನಗಳೊಳಗೆ ನೋಂದಣಾಧಿಕಾರಿಗೆ ಸಮಿತಿಯ ಪಟ್ಟಿ ಸಲ್ಲಿಸುವುದು, ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಸಿಗುವ 80ಜಿ ದೇಣಿಗೆಗಳ ವಿವರವನ್ನು ಟೆನ್‌ಬಿಡಿ ಎಂಬ ನಮೂನೆಯಲ್ಲಿ ಮೇ 31ರೊಳಗೆ ತುಂಬುವುದು, ತಪ್ಪಿದರೆ ದಿನಕ್ಕೆ 200 ರೂಪಾಯಿ ತೆರುವುದು, ಇವೆಲ್ಲ ಈಗಲೇ ಒಬ್ಬರ ತಲೆಯ ಮೇಲಿವೆ.

ಪತ್ರಕ್ಕೆ ನಾನು ರುಜು ಹಾಕಲಿಲ್ಲ. ದಾನಿಗಳು ಬೇಸರಿಸಿಕೊಳ್ಳದೆ ಕಾಯುವುದಾಗಿ ಹೇಳಿದರು. ರಸೀದಿ ಪುಸ್ತಕದಲ್ಲಿ ಈಗ ಪೌರತ್ವದ ಕಾಲಂ ಸೇರಿದೆ. ದಾನಿಗಳನ್ನು ಪೊಲೀಸರಂತೆ ವಿಚಾರಿಸುತ್ತೀರೆಂದು ಅಧ್ಯಕ್ಷರು ಇಂದಿಗೂ ಸಿಡುಕುತ್ತಾರೆ. ಪೂರ್ವಾನುಮತಿಯ ಕಾಗದಪತ್ರಗಳನ್ನು ಖಜಾಂಚಿ ಹೊಂದಿಸುತ್ತಿದ್ದಾರೆ. ನೆರವಾಗುವುದಾಗಿ ಒಪ್ಪಿಕೊಂಡ ಉಪಾಧ್ಯಕ್ಷರು ಆಮೇಲಿನ ಸಭೆಗಳಿಗೆ ಬಂದಿಲ್ಲ.