ಒಲೆ ಬೇರೆ, ಕಾರ್ಡ್ ಒಂದೇ
2024ರ ನವೆಂಬರ್. ಬೆಟಗೇರಿಯ ನಮ್ಮ ಓಣಿಯ ರೇಷನ್ ಅಂಗಡಿಯಲ್ಲಿ ಅವ್ವನ ಪಾಳಿ ಬಂತು. ಅಂಗಡಿಯವರು ಮಷಿನ್ ನೋಡಿ, "ಅವ್ವಾರ, ನಿಮ್ಮ ಕಾರ್ಡ್ ಎಪಿಎಲ್ ಆಗೇತ್ರಿ. ಮನ್ಯಾಗ ಯಾರೋ ಟ್ಯಾಕ್ಸ್ ಕಟ್ತಾರಂತ" ಅಂದರು.

ಅವ್ವ ಮೂವತ್ತು ವರ್ಷದಿಂದ ಮಗ್ಗದವರಿಗೆ ಕಂಡಿಕೆ ಸುತ್ತಿಕೊಡುತ್ತಾಳೆ. ನೂಲು ಎಳೆದೂ ಎಳೆದೂ ತೋರುಬೆರಳ ಮೇಲೆ ಗೆರೆ ಬಿದ್ದಿದೆ. ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದವಳು, "ನಾ ಯಾವಾಗ ಟ್ಯಾಕ್ಸ್ ಕಟ್ಟೇನಿ?" ಅಂತಷ್ಟೇ ಕೇಳಿದಳು.

ಕಟ್ಟುವವನು ನಮ್ಮಣ್ಣ. ಬೆಂಗಳೂರಲ್ಲಿ ಕಂಪನಿ ಕೆಲಸ. ಮದುವೆಯಾಗಿ, ಒಲೆ ಬೇರೆಯಾಗಿ ಆರು ವರ್ಷ. ಹೆಸರು ಮಾತ್ರ ಅವ್ವನ ಕಾರ್ಡಿನಲ್ಲೇ ಇತ್ತು. ತೆಗೆಸಿದರೆ ಮಗನನ್ನೇ ಹೊರಗೆ ಹಾಕಿದಂಗೆ ಅಂತ ಅವಳು ಒಪ್ಪಿರಲಿಲ್ಲ. ಕಾರ್ಡಿಗೆ ಆಧಾರ್ ಜೋಡಣೆ, ಆಧಾರಿಗೆ ಪ್ಯಾನ್ ಜೋಡಣೆ. ಎರಡು ಪಟ್ಟಿ ಹೊಂದಿಸಿ ನೋಡಿದರೆ ಅವನು ಸಿಗಲೇಬೇಕು.

ತೆರಿಗೆ ಕಟ್ಟುವವರ ಮನೆಗೆ ಬಿಪಿಎಲ್ ಇಲ್ಲ, ವರ್ಷದ ಆದಾಯ 1.20 ಲಕ್ಷ ದಾಟಬಾರದು ಅನ್ನೋ ನಿಯಮಕ್ಕೆ ನನ್ನ ತಕರಾರಿಲ್ಲ. ಉಳ್ಳವರು ಕಾರ್ಡ್ ಇಟ್ಟುಕೊಂಡಿದ್ದನ್ನು ನಾನೂ ನೋಡಿದ್ದೇನೆ. ಆದರೆ ಯಾರ ಊಟ ಯಾವ ಮನೆಯಲ್ಲಿ ಅಂತ ಕಂಪ್ಯೂಟರಿಗೆ ಹೇಗೆ ತಿಳಿಯಬೇಕು? ಕಾರ್ಡ್ ಬದಲಿಸುವ ಮೊದಲು ಒಬ್ಬರು ಬಾಗಿಲಿಗೆ ಬಂದು ಕೇಳಬಹುದಿತ್ತು, ಅಲ್ವಾ?

ಅವ್ವನಿಗೆ ಅಕ್ಕಿಗಿಂತ ಜಾಸ್ತಿ ಚಿಂತೆ ದವಾಖಾನೆಯದು. ಹೋದ ವರ್ಷ ಅವಳಿಗೆ ಸ್ಟೆಂಟ್ ಹಾಕಿಸಿದ್ದು ಇದೇ ಕಾರ್ಡಿನ ಮೇಲೆ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟು ಮಾತ್ರ ಸರ್ಕಾರದ್ದು. ಉಳಿದದ್ದು ಎಲ್ಲಿಂದ ತರೋದು?

ಅದೇ ತಿಂಗಳು ಸರ್ಕಾರ ಹೀಗೆ ರದ್ದಾದ ಬಿಪಿಎಲ್ ಕಾರ್ಡುಗಳನ್ನು ವಾಪಸ್ ಕೊಡುತ್ತೇವೆ ಅಂತು. ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು. ಅಣ್ಣನ ಹೆಸರಿರುವ ತನಕ ನಮಗೆ ದಾರಿ ಇರಲಿಲ್ಲ.

ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟೆ. ತಲಾಟಿ ಮನೆಗೇ ಬಂದರು. ರಾಟಿ ಮುಂದೆ ಕೂತಿದ್ದ ಅವ್ವನನ್ನು ನೋಡಿದರು, ಮೂಲೆಯಲ್ಲಿದ್ದ ನನ್ನ ಹೊಲಿಗೆ ಮಷಿನ್ ನೋಡಿದರು. "ಇಬ್ಬರದೂ ಕೂಡಿ ತಿಂಗಳಿಗೆ ಎಷ್ಟ್ರಿ?" ಒಂಬತ್ತು ಸಾವಿರ ಅಂದೆ. ಬರೆದುಕೊಂಡರು. ಐದು ನಿಮಿಷವೂ ಹಿಡಿಯಲಿಲ್ಲ.

ಅಣ್ಣನ ಹೆಸರು ತೆಗೆಸಿ ಕಾರ್ಡ್ ಸರಿಯಾಗಲು ಎರಡು ತಿಂಗಳು ತಿರುಗಿದೆವು. ಅಕ್ಕಿ ತಂದ ಸಂಜೆ ಅವ್ವ ಅವನಿಗೆ ಫೋನ್ ಮಾಡಿದಳು. "ಬ್ಯಾಸರ ಮಾಡ್ಕೋಬ್ಯಾಡಪ್ಪಾ. ಕಾರ್ಡಿನ್ಯಾಗಷ್ಟ ತಗಸೇವಿ" ಅಂದಳು.