ದಂಟಿನ ಹೂವಿನ ಕೆಂಪು

14 ಜುಲೈ 2024, ಭಾನುವಾರ

ಇಂದು ಬೆಳಿಗ್ಗೆ, ನಾನು ಮೊದಲಿನ ರೂಪಕ್ಕೆ ತರುತ್ತಿರುವ ಹಳೆಯ ಮೋಟಾರ್ ಸೈಕಲ್ಲಿನ ಆಯಿಲ್ ಟ್ಯಾಂಕಿನ ಹಿಂಬದಿಯ ಬೋಲ್ಟನ್ನು ಬಿಚ್ಚಿ, ಬ್ರಾಕೆಟ್ಟಿನ ಅಡಿಯಲ್ಲಿ ದಶಕಗಳಿಂದ ಕೂತಿದ್ದ ಗಟ್ಟಿ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸುತ್ತಿದ್ದಾಗ, ಚಾಸಿಯ ಮೇಲೆ ಹೆಬ್ಬೆರಳಿನಷ್ಟು ಅಗಲದ ಕೆಂಪು ಕಾಣಿಸಿತು. ಕೈ ಅಲ್ಲಿಯೇ ನಿಂತಿತು. ಇಷ್ಟು ತಿಂಗಳು ಹಳೆಯ ಛಾಯಾಚಿತ್ರಗಳಲ್ಲಿಯೂ ಬಣ್ಣದ ಚೀಟಿಗಳಲ್ಲಿಯೂ ನಾನು ಹುಡುಕುತ್ತಿದ್ದ ಗಾಡಿಯ ಮೂಲ ಬಣ್ಣ, ಯಾರೋ ಹಿಂದೆ ಬಳಿದ ಕಪ್ಪು ಬಣ್ಣದ ಕೈಗೆ ಸಿಗದೆ, ಬಿಸಿಲಿನ ಕಣ್ಣಿಗೂ ಬೀಳದೆ, ಬ್ರಾಕೆಟ್ಟಿನ ನೆರಳಿನಲ್ಲಿ ಹಾಗೆಯೇ ಉಳಿದಿತ್ತು.

ಗಾಡಿ 1947ರ ಟ್ರಯಂಫ್ ಸ್ಪೀಡ್ ಟ್ವಿನ್. ಎಡ್ವರ್ಡ್ ಟರ್ನರ್ ರೂಪಿಸಿದ 498 ಸಿ.ಸಿ.ಯ ಈ ಜೋಡಿ ಸಿಲಿಂಡರ್ ಎಂಜಿನ್ 1937ರಲ್ಲಿ ಮೊದಲು ಹೊರಬಂದಾಗ ಅದರೊಂದಿಗೇ ಬಂದ ಬಣ್ಣದ ಹೆಸರು ಅಮರಾಂತ್ ರೆಡ್. ನಾವು ದಂಟು, ಹರಿವೆ, ರಾಜಗಿರಿ ಎಂದು ಕರೆಯುವ ಗಿಡಗಳ ಕುಲದ ಹೆಸರೇ ಅದು. ಹೊಲದಲ್ಲಿ ತಲೆದೂಗುವ ಕೆಂಪು ದಂಟಿನ ತೆನೆಯನ್ನು ನೋಡಿದವರಿಗೆ ಈ ಬಣ್ಣವನ್ನು ಬೇರೆ ಮಾತಿನಲ್ಲಿ ವಿವರಿಸಬೇಕಾಗಿಲ್ಲ. ಅದು ಕುಂಕುಮದ ಕೆಂಪಲ್ಲ, ಮೆರೂನೂ ಅಲ್ಲ. ನೆರಳಿನಲ್ಲಿ ಕಂದಿಗೆ ವಾಲಿ, ಬೆಳಕು ಬಿದ್ದೊಡನೆ ಒಳಗಿನಿಂದ ನೇರಳೆಯ ಛಾಯೆಯೊಂದು ಎದ್ದುಬರುವ ಕೆಂಪು. ಸ್ಪೀಡ್ ಟ್ವಿನ್‌ನಲ್ಲಿ ಈ ಬಣ್ಣವನ್ನು ಮಡ್‌ಗಾರ್ಡಿಗೆ ಮಾತ್ರವಲ್ಲದೆ ಚಾಸಿಗೂ ಕೊಡಲಾಗಿತ್ತು. ಚಾಸಿ ಎಂದರೆ ಕಪ್ಪು ಎಂಬುದು ರೂಢಿಯಾಗಿದ್ದ ಕಾಲದಲ್ಲಿ ಅದೊಂದು ಧೈರ್ಯದ ನಿರ್ಧಾರವೇ ಆಗಿತ್ತು.

ಆ ತುಣುಕನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದೆ. ಅದರ ಕೆಳ ಅಂಚಿನಲ್ಲಿ ಬಣ್ಣ ಇಳಿದು, ಅಕ್ಕಿ ಕಾಳಿನ ಅರ್ಧದಷ್ಟಿರುವ ಒಂದು ಹನಿಯಾಗಿ ಗಟ್ಟಿಯಾಗಿದೆ. ಆ ಕಾಲದ ಕಾರ್ಖಾನೆಗಳಲ್ಲಿ ಇಂತಹ ಭಾಗಗಳನ್ನು ಎನಾಮೆಲ್ಲಿನ ತೊಟ್ಟಿಯಲ್ಲಿ ಅದ್ದಿ, ತೂಗುಹಾಕಿ ಸೋರಿಸಿ, ಅನಂತರ ಬಿಸಿ ಗೂಡಿನಲ್ಲಿ ಬೇಯಿಸುವ ಪದ್ಧತಿಯಿತ್ತು. ಅಲ್ಲಿ ನೇತಾಡಿದ್ದ ಹನಿಯೊಂದು ಎಪ್ಪತ್ತೇಳು ವರ್ಷಗಳ ಬಳಿಕ ನನ್ನ ಬೆರಳಿಗೆ ತಾಗಿತು. ಇಂದಿನ ಬಣ್ಣದ ಅಂಗಡಿಯಲ್ಲಿ ಇಂತಹ ಹನಿ ಕಂಡರೆ ಅದನ್ನು ದೋಷವೆಂದು ಉಜ್ಜಿ ತೆಗೆಯುತ್ತಾರೆ. ನನಗಾದರೋ ಈ ಗಾಡಿಯ ಮೇಲೆ ಅದಕ್ಕಿಂತ ನಂಬಿಕೆಯ ಬರಹ ಬೇರೊಂದಿಲ್ಲ.

ಸಿಕ್ಕಿದ ಬಣ್ಣವನ್ನು ಒಮ್ಮೆಲೇ ನಂಬಬಾರದೆಂಬುದೂ ಗೊತ್ತಿದ್ದುದರಿಂದ, ಅದಕ್ಕೆ ಹೊಂದಿಕೊಂಡಂತಿದ್ದ, ಕಪ್ಪು ಬಳಿದಿದ್ದ ಜಾಗವೊಂದನ್ನು 1200ರ ವಾಟರ್ ಪೇಪರ್ ಎಂಬ ನುಣುಪು ಉಜ್ಜುಕಾಗದದಿಂದ, ಸೋಪಿನ ನೀರು ಹಚ್ಚಿ, ಒಂದು ನಾಣ್ಯದಷ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿದೆ. ಹೀಗೆ ಉಜ್ಜಿದಾಗ ಪದರಗಳು ಮರದ ಉಂಗುರಗಳ ಹಾಗೆ ಒಂದರೊಳಗೊಂದು ತೆರೆದುಕೊಳ್ಳುತ್ತವೆ. ಹೊರಗೆ ಕಪ್ಪು, ಅದರೊಳಗೆ ಬೂದು ಪ್ರೈಮರ್, ಮತ್ತೊಳಗೆ ಹಸಿಹಸಿಯಾದ ಒಂದು ಕಿತ್ತಳೆಗೆಂಪು, ಪುನಃ ಬೂದು, ಕೊನೆಯಲ್ಲಿ ಕಬ್ಬಿಣಕ್ಕೆ ತಾಗಿಕೊಂಡಂತೆ ಈ ಗಾಢವಾದ ಕೆಂಪು. ಮಧ್ಯದ ಕಿತ್ತಳೆಗೆಂಪು ಯಾರದೋ ದುರಸ್ತಿಯ ಕಾಲದ್ದು. ಅದನ್ನೇ ಮೂಲವೆಂದು ಭಾವಿಸಿ ಬಣ್ಣ ಕಲಸಿದ್ದರೆ ಇಡೀ ಗಾಡಿ ಸುಳ್ಳಾಗುತ್ತಿತ್ತು.

ಮೂರು ವಾರಗಳ ಹಿಂದೆ ಕಲಸಿಟ್ಟಿದ್ದ ಮಾದರಿಯನ್ನು ತಂದು ಪಕ್ಕಕ್ಕೆ ಹಿಡಿದೆ. ಟ್ಯೂಬ್‌ಲೈಟಿನಡಿಯಲ್ಲಿ ಎರಡೂ ಒಂದೇ ಎನ್ನಿಸಿದವು. ಹೊರಗೆ ಮೋಡದ ಬೆಳಕಿಗೆ ಒಯ್ದೊಡನೆ ನನ್ನದು ಬಡವಾಯಿತು, ನೇರಳೆಯ ಛಾಯೆ ಅದರಲ್ಲಿ ಇರಲೇ ಇಲ್ಲ. ಬೇರೆ ಬೇರೆ ವರ್ಣಕಗಳಿಂದ ಕಲಸಿದ ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ಒಂದಾಗಿ ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದು ಬಣ್ಣ ಕಲಸುವವರಿಗೆಲ್ಲ ತಿಳಿದ ಸಂಗತಿ. ಬಿಸಿಲಿಗೆ ಬಿಟ್ಟ ಹಳೆಯ ಮೇಲ್ಮೈಯನ್ನು ಯಂತ್ರದಿಂದ ಓದಿಸಿದರೂ ಅದು ವಯಸ್ಸಾದ ಬಣ್ಣವನ್ನೇ ಓದುತ್ತದೆ. ಆದ್ದರಿಂದ ಮೊದಲು ನೆರಳಿನ ತುಣುಕನ್ನು ಹುಡುಕಿ, ಅದನ್ನು ರಬ್ಬಿಂಗ್ ಕಾಂಪೌಂಡಿನಿಂದ ಹಗುರವಾಗಿ ಉಜ್ಜಿ ಮೇಲಿನ ಮಾಸಲನ್ನು ತೆಗೆದು, ಹಗಲಿನ ಬೆಳಕಿನಲ್ಲಿ ಕಣ್ಣಿನಿಂದಲೇ ಹೋಲಿಸಬೇಕು. ಹೋಲಿಸುವ ಮಾದರಿ ಪೂರ್ತಿ ಒಣಗಿರಬೇಕು, ಏಕೆಂದರೆ ಹಸಿ ಬಣ್ಣ ಯಾವಾಗಲೂ ಬೇರೆಯೇ ಮಾತನ್ನಾಡುತ್ತದೆ.

ಮಡ್‌ಗಾರ್ಡುಗಳ ವಿಷಯದಲ್ಲಿ ನನ್ನ ಮನಸ್ಸಿನ ನೋವು ಇನ್ನೂ ಆರಿಲ್ಲ. ಅವುಗಳನ್ನು ನಾನು ಒಬ್ಬ ಪೇಂಟರಿಗೆ ಒಪ್ಪಿಸಿ, ಎನ್.ಸಿ. (ನೈಟ್ರೋಸೆಲ್ಯುಲೋಸ್) ಬಣ್ಣವನ್ನೇ ಹಚ್ಚಬೇಕೆಂದು ಎರಡು ಬಾರಿ ಹೇಳಿದ್ದರೂ, ಅವರು ಗಟ್ಟಿಕಾರಕ ಬೆರೆಸುವ ಪಿ.ಯು. (ಪಾಲಿಯುರೆಥೇನ್) ಬಣ್ಣ ಹೊಡೆದು, ಮೇಲೆ ಎರಡು ಕೋಟು ಬಣ್ಣವಿಲ್ಲದ ಕ್ಲಿಯರ್ ಕೊಟ್ಟು, ಇದು ಅದಕ್ಕಿಂತ ಬಾಳಿಕೆ ಬರುತ್ತದೆಂದು ಸಮಾಧಾನ ಹೇಳಿದರು. ಬಾಳಿಕೆಯ ಮಾತು ನಿಜ. ಪೆಟ್ರೋಲು ಚೆಲ್ಲಿದರೂ ಅದು ಜಗ್ಗುವುದಿಲ್ಲ. ಆದರೆ ಮಡ್‌ಗಾರ್ಡಿನ ಅಂಚಿನ ಮಡಿಕೆಯಲ್ಲಿ, ರಿವೆಟ್ಟಿನ ತಲೆಯ ಸುತ್ತ, ಆ ದಪ್ಪ ಪದರ ಪಾಕ ಸುರಿದ ಹಾಗೆ ತುಂಬಿಕೊಂಡು, ತಗಡಿನ ಚೂಪು ಗೆರೆಗಳೆಲ್ಲ ಮೊಂಡಾಗಿವೆ. ಎನ್.ಸಿ. ಬಣ್ಣ ತಿನ್ನರ್ ಆರಿದಂತೆ ತೆಳುವಾಗುತ್ತಾ ತಗಡಿಗೆ ಅಂಟಿಕೊಳ್ಳುತ್ತದೆ. ಅದರ ಹೊಳಪು ಬಣ್ಣ ಸಿಂಪಡಿಸುವ ಗನ್ನಿನಿಂದ ಬರುವುದಿಲ್ಲ, ಕೋಟಿನ ಮೇಲೆ ಕೋಟು ಕೊಟ್ಟು, ಉಜ್ಜಿ, ಪಾಲಿಶ್ ಹಿಡಿದ ಕೈಯಿಂದ ಬರುತ್ತದೆ. ಆ ಹೊಳಪಿನಲ್ಲಿ ಕಾಣುವ ಪ್ರತಿಬಿಂಬಕ್ಕೆ ಒಂದು ಮೃದುತ್ವ ಇರುತ್ತದೆ. ಗೂಡಿನಲ್ಲಿ ಬೇಯಿಸಿದ ಎನಾಮೆಲ್ಲನ್ನು ನನ್ನ ಶೆಡ್ಡಿನಲ್ಲಿ ಮತ್ತೆ ಮಾಡಲಾರೆ. ಆದರೆ ಬ್ರಾಕೆಟ್ಟಿನಡಿಯ ಆ ತುಣುಕಿನ ಪಕ್ಕದಲ್ಲಿಟ್ಟಾಗ ಎನ್.ಸಿ. ಅದಕ್ಕೆ ನೆಂಟನಂತೆ ಕಾಣುತ್ತದೆ, ಪಿ.ಯು. ಪರಕೀಯನಂತೆ ಕಾಣುತ್ತದೆ. ಎರಡೂ ಮಡ್‌ಗಾರ್ಡುಗಳನ್ನು ತಗಡಿನವರೆಗೆ ಬಿಡಿಸಿ ಮತ್ತೆ ಮಾಡುವುದೆಂದು ಇಂದು ನಿರ್ಧರಿಸಿದೆ. ಮಳೆಗಾಲ ಕಳೆಯುವವರೆಗೆ ಗನ್ನು ಮುಟ್ಟುವಂತಿಲ್ಲ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಹಿಡಿದುಕೊಂಡರೆ ಬಣ್ಣದ ಮೇಲೆ ಹಾಲಿನಂತಹ ಬಿಳಿ ಮುಸುಕು ಕೂರುತ್ತದೆ.

ನಟ್ಟು ಬೋಲ್ಟುಗಳ ಡಬ್ಬಿಯೂ ಇಂದು ಮೇಜಿನ ಮೇಲೆ ಬಂತು. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಇವುಗಳಿಗೆ ಇರುತ್ತಿದ್ದುದು ಕ್ಯಾಡ್ಮಿಯಂ ಲೇಪ, ಬೆಳ್ಳಗೆ ಮಂಕಾದ ಒಂದು ಹೊಳಪು. ಕ್ಯಾಡ್ಮಿಯಂ ವಿಷವಾದ್ದರಿಂದ ಅದರ ಬದಲು ಸತುವಿನ ಲೇಪ ಕೊಡಿಸಿ, ನೀಲಿ ಮಿನುಗನ್ನು ಸ್ಟೀಲ್ ವೂಲಿನಿಂದ ತುಸು ತಗ್ಗಿಸುತ್ತಿದ್ದೇನೆ. ಕ್ರೋಮ್ ಮಾಡಿದ ಬೋಲ್ಟುಗಳು ಪ್ರದರ್ಶನದಲ್ಲಿ ಕಣ್ಸೆಳೆಯಬಹುದು, ಆದರೆ ಈ ಗಾಡಿಯ ಮೇಲೆ ಅವಕ್ಕೆ ಜಾಗವಿಲ್ಲ. ಈ ಬೋಲ್ಟುಗಳ ಮೇಲಿನ, ಇಂಚಿಗೆ 26 ಸುತ್ತಿನ ಸೈಕಲ್ ಥ್ರೆಡ್ ಎಂಬ ತಿರುಪಿನ ಗೀರು ಬಹಳ ಸಣ್ಣದಾದ್ದರಿಂದ ಲೇಪ ಸ್ವಲ್ಪ ದಪ್ಪವಾದರೂ ನಟ್ಟು ಹತ್ತುವುದಿಲ್ಲ. ಹೆಚ್ಚು ಬಿಗಿತ ತಾಳುವ ಬೋಲ್ಟುಗಳನ್ನು ಲೇಪವಾದ ಕೆಲವೇ ಗಂಟೆಗಳಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬೇಯಿಸಿ, ಉಕ್ಕಿನೊಳಗೆ ಸೇರಿಕೊಂಡ ಜಲಜನಕವನ್ನು ಹೊರಹಾಕದಿದ್ದರೆ ಅವು ಒಂದು ದಿನ ಸದ್ದಿಲ್ಲದೆ ಮುರಿಯುತ್ತವೆ.

ಪೆಟ್ರೋಲ್ ಟ್ಯಾಂಕು ಕ್ರೋಮ್ ಆಗಿ ಬಂದು ಹತ್ತು ದಿನವಾಯಿತು. ಈ ವರ್ಷದ ಗಾಡಿಗೆ ಟ್ಯಾಂಕು ಕ್ರೋಮಿನದೇ. ಬದಿಯಲ್ಲಿ ಕೆಂಪು ಅಂಕಣ, ಅದರ ಸುತ್ತ ಚಿನ್ನದ ಬಣ್ಣದ ಗೆರೆ. ಪೂರ್ತಿ ಬಣ್ಣದ ಟ್ಯಾಂಕು ಬಂದದ್ದು ಆಮೇಲೆ, 1950ರ ಮಾದರಿಗೆ. ಕ್ರೋಮಿನ ಕೆಲಸದಲ್ಲಿ ಕಣ್ಣಿಗೆ ಬೀಳುವ ಹೊಳಪೆಲ್ಲ ಅಡಿಯ ನಿಕ್ಕಲ್ಲಿನದು. ಕ್ರೋಮಿನ ಪದರ ಒಂದು ಮೈಕ್ರಾನಿಗಿಂತಲೂ ತೆಳುವಾದ ನೀಲಿಯ ಹೊದಿಕೆ ಅಷ್ಟೆ. ಬಫಿಂಗ್ ಮಾಡುವವರಿಗೆ ನಾನು ಬೇಡಿಕೊಂಡದ್ದು ಒಂದೇ: ಅಂಚುಗಳನ್ನು ಉಳಿಸಿ, ಹೊಳಪು ಕಡಿಮೆಯಾದರೂ ಚಿಂತೆಯಿಲ್ಲ. ಅವರು ಉಳಿಸಿಕೊಟ್ಟಿದ್ದಾರೆ, ಅವರ ಕೈಗೆ ನಾನು ಋಣಿ. ಕ್ರೋಮಿನ ಮೇಲೆ ಬಣ್ಣ ತಾನಾಗಿ ನಿಲ್ಲದಾದ್ದರಿಂದ ಅಂಕಣದ ಜಾಗವನ್ನು ಮಾತ್ರ ಒರಟು ಮಾಡಿ, ಕಚ್ಚಿಹಿಡಿಯುವ ಪ್ರೈಮರ್ ಕೊಡಬೇಕು. ಚಿನ್ನದ ಗೆರೆ ಬರಿಯ ಅಲಂಕಾರವಲ್ಲ, ಬಣ್ಣ ಮುಗಿದು ಕ್ರೋಮ್ ಶುರುವಾಗುವ ಆ ಅಂಚನ್ನು ಮುಚ್ಚುವುದೂ ಅದೇ.

ಗೆರೆ ಎಳೆಯುವುದನ್ನು ಕಲಿಸುತ್ತಿರುವವರು ಮೊದಲು ಬೋರ್ಡು ಬರೆಯುತ್ತಿದ್ದ ಒಬ್ಬ ಹಿರಿಯರು. ಮಧ್ಯಾಹ್ನ ಅವರು ಬಂದಾಗ ನಾನು ಕಿಟಕಿಯ ಗಾಜಿನ ಮೇಲೆ ಅಭ್ಯಾಸ ಮಾಡುತ್ತಿದ್ದೆ. ಅಳಿಲಿನ ಕೂದಲಿನ ಆ ಬ್ರಶ್ಶಿನಲ್ಲಿ ಕೂದಲು ಹಿಡಿಗಿಂತಲೂ ಉದ್ದ. ಬಣ್ಣವನ್ನು ತುಂಬಿಕೊಂಡು, ಒಂದೇ ಉಸಿರಿನಲ್ಲಿ ನಮ್ಮ ಕಡೆಗೆ ಎಳೆದುಕೊಂಡರೆ ಅದು ತಾನೇ ಗೆರೆಯಾಗಬೇಕು. ನನ್ನ ಗೆರೆ ತಿರುವಿನಲ್ಲಿ ಪ್ರತಿಸಲವೂ ಹೊಟ್ಟೆ ಬಿಡುತ್ತಿತ್ತು.

“ಬ್ರಶ್ಶಿನ ತುದಿ ನೋಡ್ಬೇಡಪ್ಪ, ಅದು ಹೋಗ್ಬೇಕಾದ ಕಡೆ ನೋಡು,” ಎಂದರು.

“ಯಜಮಾನ್ರೇ, ಟೇಪು ಅಂಟಿಸಿ ಎಳೆದರೆ ನೇರ ಬರುವುದಿಲ್ಲವೇ?” ಎಂದು ಕೇಳಿದೆ.

“ಬರುತ್ತೆ. ಆದರೆ ಟೇಪು ಕಿತ್ತ ಮೇಲೆ ಎರಡೂ ಕಡೆ ದಿಣ್ಣೆ ಉಳಿಯುತ್ತೆ. ಕೈ ಎಳೆದದ್ದಕ್ಕೆ ದಿಣ್ಣೆ ಇರೋಲ್ಲ. ಬೆರಳಾಡಿಸಿದ್ರೆ ಗೊತ್ತಾಗುತ್ತೆ,” ಎಂದು, ತಮ್ಮ ಕಿರುಬೆರಳನ್ನು ಗಾಜಿನ ಅಂಚಿಗೆ ಒತ್ತಿ, ಅದರ ಆಸರೆಯಲ್ಲೇ ತಿರುವನ್ನು ದಾಟಿಸಿ, ಶುರುವಾದ ಜಾಗಕ್ಕೇ ತಂದು ಗೆರೆಯನ್ನು ಮುಚ್ಚಿದರು. ಎರಡು ತುದಿಗಳು ಕೂಡಿದ ಜಾಗದಲ್ಲಿ ಗೆರೆ ಕೂದಲೆಳೆಯಷ್ಟು ದಪ್ಪವಾಗಿತ್ತು. ಅದನ್ನು ಹಾಗೆಯೇ ಬಿಟ್ಟರು.

ಅವರು ಹೋದ ಮೇಲೆ ಮೂವತ್ತು ಗೆರೆ ಎಳೆದು, ಎಲ್ಲವನ್ನೂ ಟರ್ಪೆಂಟೈನಿನಿಂದ ಒರೆಸಿದೆ. ಕೊನೆಯ ನಾಲ್ಕರಲ್ಲಿ ತಿರುವು ಸುಮಾರಾಗಿ ಕೂತಿತ್ತು. ಟ್ಯಾಂಕನ್ನು ಮುಟ್ಟಲು ಇನ್ನೂ ಸಮಯವಿದೆ.

ನಾಳೆಯಿಂದ ಚಾಸಿಯ ಕಪ್ಪನ್ನು ಬಿಡಿಸಬೇಕು. ಮರಳು ಹೊಡೆಸುವ ಯೋಚನೆಯಿತ್ತು, ಇಂದು ಅದನ್ನು ಬಿಟ್ಟೆ. ನಿಧಾನವಾದರೂ ಸರಿ, ರಾಸಾಯನಿಕ ಹಚ್ಚಿ ಕೈಯಿಂದಲೇ ಕೆರೆಯುತ್ತೇನೆ. ದೀಪ ಆರಿಸುವ ಮುಂಚೆ ಬ್ರಾಕೆಟ್ಟಿನಡಿಯ ಆ ಕೆಂಪಿನ ಮೇಲೆ ತೆಳುವಾಗಿ ಮೇಣ ಸವರಿ, ಎಣ್ಣೆಕಾಗದ ಮಡಿಚಿಟ್ಟು, ಸುತ್ತ ಟೇಪು ಅಂಟಿಸಿದೆ. ಹೊಸ ಬಣ್ಣ ಅಲ್ಲಿಯವರೆಗೆ ಬಂದು ನಿಲ್ಲಲಿ. ಹನಿಯೊಂದಿಗೆ ಆ ತುಣುಕು ಬ್ರಾಕೆಟ್ಟಿನಡಿಯಲ್ಲಿ ಇದ್ದ ಹಾಗೆಯೇ ಇರುತ್ತದೆ.