ಸಣ್ಣ ರಿವಾಲ್ವರ್ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ

"ಅಣ್ಣಾ, ದಿನಾ ಜೊತೆಗಿಟ್ಟುಕೊಂಡು ಓಡಾಡೋಕೆ ಸಣ್ಣ ರಿವಾಲ್ವರ್ ಯಾವುದು ಒಳ್ಳೇದು?"

ಸೇನೆಯಿಂದ ನಿವೃತ್ತನಾಗಿ ಊರಿಗೆ ಬಂದ ದಿನದಿಂದ ಇದನ್ನು ಕೇಳಿಸಿಕೊಳ್ಳುತ್ತಿದ್ದೇನೆ. ಮದುವೆ ಮನೆಯಲ್ಲಿ ಕೇಳುತ್ತಾರೆ, ಗೋಣಿಕೊಪ್ಪದ ಸಂತೆಯಲ್ಲಿ ಚೀಲ ಹಿಡಿದು ನಿಂತಾಗಲೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಯ್ತು. ಬರೆದೇ ಬಿಡುತ್ತೇನೆ.

ಮೊದಲು ಬೆಂಗಳೂರಿನಿಂದ ಕೇಳುವವರಿಗೆ. "ಕೊಡಗಲ್ಲಿ ಲೈಸೆನ್ಸೇ ಬೇಡವಂತಲ್ಲ" ಅನ್ನಬೇಡಿ. ಆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರುವವರಿಗೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ನಮಗೆ ಕೊಡವರಿಗೆ ಕೋವಿ ಅಂದರೆ ಕೈಲ್ ಮುಹೂರ್ತದ ದಿನ, ನಮ್ಮ ಆಯುಧಪೂಜೆಯ ಹಬ್ಬದಲ್ಲಿ, ತೋಕ್ ಪೂ ಅನ್ನುವ ಹೂ ಮುಡಿಸಿ ಪೂಜೆ ಮಾಡುವ ವಸ್ತು. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಭತ್ತದ ಕದಿರು ತೆಗೆಯುವಾಗ ಗುಂಡು ಹಾರಿಸುತ್ತೇವೆ. ಮನೆಯಲ್ಲಿ ಸಾವಾದರೆ ಊರಿಗೆ ತಿಳಿಸಲು ಎರಡು ಗುಂಡು. ಅದಕ್ಕೂ ನಿಮ್ಮ ಜೇಬಿನ ರಿವಾಲ್ವರಿಗೂ ಗಂಟು ಹಾಕಬೇಡಿ.

ಇನ್ನು ರಿವಾಲ್ವರ್. ಲೈಸೆನ್ಸ್ ಇದ್ದವರು ಹೆಚ್ಚಾಗಿ ತಗೊಳ್ಳುವುದು .32 ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ), ಆರು ಗುಂಡಿನದು. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ತಂದ ನಿರ್ಭೀಕ್ ಅನ್ನುವ ರಿವಾಲ್ವರ್ ಸುಮಾರು ಅರ್ಧ ಕಿಲೋ ತೂಗುತ್ತದೆ. ಎಲ್ಲರಿಗೂ ಹಗುರವಾದದ್ದೇ ಬೇಕು. ಹಗುರ ಆದಷ್ಟೂ ಕೈಗೆ ಒದೆತ ಜಾಸ್ತಿ. ನಳಿಗೆ ಗಿಡ್ಡ ಆದಷ್ಟೂ ಗುರಿ ಹಿಡಿಯುವುದು ಕಷ್ಟ. ಹಿಂಬದಿಯ ಹ್ಯಾಮರ್ (ಗುಂಡಿಗೆ ಬಡಿಯುವ ಸುತ್ತಿಗೆ) ಎಳೆಯದೆ ನೇರವಾಗಿ ಟ್ರಿಗರ್ ಒತ್ತಿದರೆ ಬೆರಳಿಗೆ ಭಾರ, ಆ ಬಲಕ್ಕೆ ನಳಿಗೆಯ ಮೂತಿಯೇ ಪಕ್ಕಕ್ಕೆ ಸರಿಯುತ್ತದೆ. ಅಭ್ಯಾಸ ಇಲ್ಲದವನು ಹತ್ತು ಹೆಜ್ಜೆ ದೂರದ ತೆಂಗಿನಕಾಯಿಗೂ ಹೊಡೆಯಲಾರ.

ಆನೆಗೆ ಹೆದರಿ ಕೇಳುವವರೂ ಇದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ, ನಮ್ಮ ತೋಟಕ್ಕೂ ಆನೆ ಬರುತ್ತದೆ. ಆದರೆ .32 ಗುಂಡು ಆನೆಯನ್ನು ನಿಲ್ಲಿಸುವುದಿಲ್ಲ, ಕೆರಳಿಸುತ್ತದೆ. ಬೆಳಕು ಹರಿಯುವ ಮುಂಚೆ ತೋಟದ ದಾರಿಯಲ್ಲಿ ಒಬ್ಬರೇ ಹೋಗಬೇಡಿ, ಅಷ್ಟೇ.

ಈಗ ನನ್ನನ್ನು ಬಿಡದೆ ಕಾಡುವ ವಿಷಯ. ಒಬ್ಬ ಹುಡುಗ, ದೂರದ ನೆಂಟ, ಇದೇ ಪ್ರಶ್ನೆ ಕೇಳಿದ್ದ. ಒಂದು ಗಂಟೆ ಕೂತು ತೂಕ, ನಳಿಗೆ, ಹಿಡಿ ಎಲ್ಲ ವಿವರಿಸಿದೆ. ಲೈಸೆನ್ಸ್ ಮಾಡಿಸಿ ತಗೊಂಡ. ಮುಂದಿನ ವರ್ಷ ವಿರಾಜಪೇಟೆಯ ಒಂದು ಮದುವೆಯಲ್ಲಿ ಸಿಕ್ಕಿದ. ಎರಡು ಪೆಗ್ ಆಗಿತ್ತು. ವಾಲಗ ಶುರುವಾದಾಗ ಕೋಟು ಕಳಚಿ ಕುರ್ಚಿಗೆ ಹಾಕಿ ಕುಣಿಯಲು ಹೋದ. ಕೋಟು ಒಂದು ಕಡೆ ಜೋತು ಬಿದ್ದಿತ್ತು. ಮುಟ್ಟಿ ನೋಡಿದೆ. ಒಳಜೇಬಿನಲ್ಲಿ ರಿವಾಲ್ವರ್, ಅದರಲ್ಲಿ ಆರೂ ಗುಂಡು. ಅದೇ ಕುರ್ಚಿಗಳ ಸಾಲಿನಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿದ್ದರು. ವಾಲಗ ನಿಲ್ಲುವವರೆಗೂ ಆ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಬಂದವನು "ಯಾರು ಮುಟ್ತಾರೆ ಬಿಡಿ ಅಣ್ಣಾ" ಅಂದ.

ಅವನಿಗೆ ಬೈದೆ. ಆದರೆ ತಪ್ಪು ನನ್ನದೂ ಇತ್ತು. ಒಂದು ಗಂಟೆ ಮಾತಾಡಿದವನು "ಎಲ್ಲಿ ಇಡ್ತೀಯ?" ಅಂತ ಒಂದು ಸಲವೂ ಕೇಳಿರಲಿಲ್ಲ. ಮನೆಯ ಕೋವಿಗೆ ಒಂದು ಜಾಗ ಇರುತ್ತದೆ, ಅದು ಅಲ್ಲಿಲ್ಲದಿದ್ದರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ. ಜೇಬಿನ ರಿವಾಲ್ವರಿಗೆ ಜಾಗವೇ ಇಲ್ಲ. ಇವತ್ತು ಜೀಪಿನ ಡ್ಯಾಶ್‌ಬೋರ್ಡ್, ನಾಳೆ ದಿಂಬಿನ ಕೆಳಗೆ, ನಾಡಿದ್ದು ಕುರ್ಚಿ ಮೇಲಿನ ಕೋಟು.

ಹಾಗಾಗಿ ಯಾವುದು ತಗೊಳ್ಳಲಿ ಅಂತ ಕೇಳಬೇಡಿ. ಹೇಗೆ ಇಟ್ಟುಕೊಳ್ಳಲಿ ಅಂತ ಕೇಳಿ. ಸ್ನಾನಕ್ಕೆ ಹೋದಾಗ ಅದು ಎಲ್ಲಿರುತ್ತದೆ? ದೇವಸ್ಥಾನದೊಳಗೆ ಹೋಗುವಾಗ? ಕುಡಿಯುವ ದಿನ ಮನೆಯಲ್ಲೇ ಬಿಟ್ಟು ಬರುತ್ತೀರಾ? ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆ ಇದೆಯಾ, ಅದರ ಬೀಗದ ಕೈ ಯಾರ ಹತ್ತಿರ? ಇದಕ್ಕೆಲ್ಲ ಉತ್ತರ ಇಟ್ಟುಕೊಂಡು ಮನೆಗೆ ಬನ್ನಿ. ಕಾಫಿ ಕುಡಿಯುತ್ತಾ ನಳಿಗೆ ಎಷ್ಟುದ್ದ ಇರಬೇಕು ಅಂತ ಸಂಜೆಯವರೆಗೂ ಮಾತಾಡೋಣ.